ಆರು ಬಾಟಲಿ, ಒಂದು ಟ್ಯೂಬು, ಹತ್ತು ಸಾವಿರ ಹೆಜ್ಜೆ

ಸಾಗರದ ಕಡೆಯ ಹಳ್ಳಿಯೊಂದರ ಶಾಲಾ ಶಿಕ್ಷಕಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ವಯಸ್ಸು 53, ಸಸ್ಯಾಹಾರಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ದೀಪಾವಳಿಗೆ ಬಂದವಳು ರೆಟಿನಾಲ್, ವಿಟಮಿನ್ ಸಿ, ನಯಾಸಿನಮೈಡ್, ಹಯಲುರಾನಿಕ್ ಆಸಿಡ್ ಹೀಗೆ ಮುಖಕ್ಕೆ ಹಚ್ಚುವ ನಾಲ್ಕು ಸೀರಂ, ಜೊತೆಗೆ ಸನ್‌ಸ್ಕ್ರೀನು, ಕೊಲಾಜೆನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಪುಡಿ ಕೊಟ್ಟು ಹೋಗಿದ್ದಾಳೆ. ಸೀರಂಗಳನ್ನು ಒಂದರ ಮೇಲೊಂದು ಹಚ್ಚಿ ವಾರ ಕಳೆಯುವುದರೊಳಗೆ ಮುಖ ಉರಿ. ಇತ್ತ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ವಿಡಿಯೊ: 10,000 ಹೆಜ್ಜೆ ನಡೆಯಿರಿ, ಏಳು ಗಂಟೆ ಮೇಲೆ ಅನ್ನ ಮುಟ್ಟಬೇಡಿ, ತೂಕ ಎತ್ತಿ, ಹೆಂಗಸರು ತೂಕ ಎತ್ತಿದರೆ ಗರ್ಭಕೋಶ ಜಾರುತ್ತದೆ. “ಯಾರನ್ನು ನಂಬಲಿ? ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿಕ್ಕೆ ಇದೆಲ್ಲ ಅಂತ ನಮ್ಮನೆಯವರು ನಗುತ್ತಾರೆ” ಎಂದು ಕೇಳಿದ್ದಾರೆ. ಕೊನೆಗೊಂದು ಸಾಲು: ಮುಖದ ಮೇಲಿನ ಭಂಗು, ಅಂದರೆ ಕಂದು ಮಚ್ಚೆ, ಹೋಗಲೆಂದು ತಂಗಿ ಮೆಡಿಕಲ್ ಶಾಪಿನಿಂದ ತಂದುಕೊಟ್ಟ ಟ್ಯೂಬನ್ನು ತಿಂಗಳುಗಳಿಂದ ಹಚ್ಚುತ್ತಿದ್ದಾರಂತೆ, ಚೆನ್ನಾಗಿ ಕೆಲಸ ಮಾಡಿದ್ದು ಅದೊಂದೇ ಅಂತೆ.

ಸಂಪಾದಕರ ಉತ್ತರ

ಮೇಡಂ, ನಮಸ್ಕಾರ.

ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಇಡೀ ಪತ್ರದಲ್ಲಿ ನನಗೆ ಗಾಬರಿಯಾದದ್ದು ಅದನ್ನು ಓದಿ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ನೋಡಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದು ಮೂರು ಹೆಸರಿದ್ದರೆ, ಅಥವಾ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂದಿದ್ದರೆ, ನೀವು ಹಚ್ಚುತ್ತಿರುವುದರಲ್ಲಿ ಸ್ಟಿರಾಯ್ಡ್ ಇದೆ. ವಾರ ಎರಡು ವಾರದಲ್ಲಿ ಮುಖ ಬೆಳ್ಳಗಾಗಿ, ನುಣುಪಾಗಿ ಕಾಣುವುದು ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಬರುತ್ತದೆ, ಕೂದಲು ಹುಟ್ಟುತ್ತದೆ. ಬಿಟ್ಟ ಕೂಡಲೇ ಉರಿ ಶುರುವಾಗುವುದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಇದು ಎಷ್ಟು ಹಬ್ಬಿದೆಯೆಂದರೆ ನಮ್ಮ ದೇಶದ ಚರ್ಮವೈದ್ಯರು ಇದಕ್ಕೆಂದೇ ಕಾಯಿಲೆಯ ಹೆಸರೊಂದನ್ನು ಕೊಡಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುತ್ತಾರೆ, ಅದು ಬೇರೆ ಮಾತು. ನೀವಾಗಿಯೇ ಇದನ್ನು ಥಟ್ಟನೆ ನಿಲ್ಲಿಸಬೇಡಿ. ಟ್ಯೂಬನ್ನು ಜೊತೆಯಲ್ಲಿಟ್ಟುಕೊಂಡು ಚರ್ಮವೈದ್ಯರಲ್ಲಿಗೆ ಹೋಗಿ, ಅವರು ಹೇಳಿದ ಹಾಗೆ ಬಿಡಿ. ಅಲ್ಲಿಯವರೆಗೆ ಮಗಳು ಕೊಟ್ಟ ಸೀರಂಗಳಿಗೂ ರಜೆ.

ತಮಾಷೆಯೆಂದರೆ, ಆ ಮೂರರಲ್ಲಿ ನಡುವೆ ಇರುವ ಟ್ರೆಟಿನಾಯಿನ್ನೇ ಸುಕ್ಕಿನ ವಿಷಯದಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಪಟ್ಟ ವಸ್ತು. ವಿಟಮಿನ್ ಎ ವಂಶದ ಈ ಔಷಧವನ್ನು ಅಮೆರಿಕದಲ್ಲಿ ಮೊದಲು ಮೊಡವೆಗೆ ಕೊಡುತ್ತಿದ್ದರು. ಹಚ್ಚಿಕೊಂಡವರಲ್ಲಿ ವಯಸ್ಸಾದವರು ಚರ್ಮ ನಯವಾಯಿತು ಎಂದಾಗ ಫಿಲಡೆಲ್ಫಿಯಾದ ಡಾಕ್ಟರ್ ಆಲ್ಬರ್ಟ್ ಕ್ಲಿಗ್ಮನ್ ಅದರ ಬೆನ್ನು ಹತ್ತಿದರು. 1986ರಲ್ಲಿ ಅವರ ತಂಡದ ಲೇಖನ ಬಂತು, 1988ರಲ್ಲಿ ಮಿಷಿಗನ್‌ನ ವೈದ್ಯರು ಔಷಧವಿಲ್ಲದ ಬರೀ ಕ್ರೀಮಿನ ಜೊತೆ ಹೋಲಿಸಿ ನೋಡಿ ಹೌದೆಂದರು. (ಇದೇ ಕ್ಲಿಗ್ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು ವೈದ್ಯಕೀಯ ಚರಿತ್ರೆಯ ದೊಡ್ಡ ಕಳಂಕ. ಕ್ರೀಮಿನ ಕಥೆ ಹೇಳುವವರು ಇದನ್ನು ಹೇಳುವುದಿಲ್ಲ.) ನಿಮ್ಮ ಬಾಟಲಿಯಲ್ಲಿರುವ ರೆಟಿನಾಲ್ ಅದರ ಸೌಮ್ಯ ಸಂಬಂಧಿ. ಚರ್ಮದೊಳಗೆ ಎರಡು ಹಂತ ದಾಟಿ ಅದೇ ಟ್ರೆಟಿನಾಯಿನ್ ಆಗುತ್ತದೆ, ಹಾಗಾಗಿ ಬಲ ಕಡಿಮೆ, ಉರಿಯೂ ಕಡಿಮೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು.

ಈ ‘ಎಷ್ಟು ಕಾಲ’ ಎಂಬ ಪ್ರಶ್ನೆಯನ್ನು ಹಿಡಿದುಕೊಳ್ಳಿ ಮೇಡಂ. ನಿಮ್ಮ ಮೇಜಿನ ಮೇಲಿರುವುದನ್ನೂ ಮೊಬೈಲಿಗೆ ಬರುವುದನ್ನೂ ಇದೊಂದರಿಂದಲೇ ಸೋಸಬಹುದು. ಹಯಲುರಾನಿಕ್ ಆಸಿಡ್ ಹಚ್ಚಿದ ಅರ್ಧ ಗಂಟೆಗೆ ಮುಖ ತುಂಬಿಕೊಂಡಂತೆ ಕಾಣುತ್ತದೆ, ಒಣದ್ರಾಕ್ಷಿಯನ್ನು ನೀರಿಗೆ ಹಾಕಿದ ಹಾಗೆ. ನೀರು ಆರಿದರೆ ಮೊದಲಿನ ಹಾಗೇ. ಅದು ತೇವ ಹಿಡಿಯುವ ಒಳ್ಳೆಯ ವಸ್ತು, ಅಷ್ಟೇ. ಸುಕ್ಕಿಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ನಯಾಸಿನಮೈಡ್ ಕಲೆ ತಿಳಿಯಾಗಿಸಲು ಎರಡು ಮೂರು ತಿಂಗಳು ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ ಯಾರಿಗೂ ಉಪದ್ರವ ಕೊಡುವುದಿಲ್ಲ. ವಿಟಮಿನ್ ಸಿ ಪ್ರಯೋಗಶಾಲೆಯಲ್ಲಿ ಚೆನ್ನಾಗಿದೆ, ಬಾಟಲಿಯಲ್ಲಿ ಬೇಗ ಕೆಡುತ್ತದೆ. ನಿಮ್ಮದು ಗಾಢ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ.

ಕೊಲಾಜೆನ್ ಪುಡಿಯ ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೋ ಕಂದು ಗುರುತು ಇದೆಯೋ ನೋಡಿದಿರಾ? ಕೊಲಾಜೆನ್ ಬರುವುದು ದನದ ಚರ್ಮ, ಮೀನಿನ ಹುರುಪೆ, ಹಂದಿಯಿಂದ. ಹಸಿರು ಚುಕ್ಕೆ ಇದ್ದರೆ ಒಳಗೆ ಕೊಲಾಜೆನ್ ಇಲ್ಲ, ವಿಟಮಿನ್ನು ಸೊಪ್ಪಿನ ಸಾರ ಇರುತ್ತದೆ. ಕಂದು ಗುರುತಿದ್ದರೆ ಅದು ನಿಮಗಲ್ಲ. ತಿನ್ನುವವರಿಗಾದರೂ ಹೊಟ್ಟೆಗೆ ಹೋದ ಕೊಲಾಜೆನ್ ಅಲ್ಲಿ ಚೂರುಚೂರಾಗುತ್ತದೆ, ಆ ಚೂರು ನೇರ ಕೆನ್ನೆಗೇ ಹೋಗಬೇಕೆಂಬ ಕಟ್ಟಳೆಯೇನೂ ಇಲ್ಲ. ಅನುಕೂಲ ಫಲಿತಾಂಶ ಕೊಟ್ಟ ಪ್ರಯೋಗಗಳಲ್ಲಿ ಬಹಳಷ್ಟಕ್ಕೆ ಹಣ ಬಂದಿರುವುದು ಮಾರುವವರಿಂದಲೇ.

ಇನ್ನು ಮಗಳು ಕೊಟ್ಟ ಆರರಲ್ಲಿ ನಿಜವಾಗಿ ವಯಸ್ಸಿನ ವಿರುದ್ಧ ಕೆಲಸ ಮಾಡುವುದು ಯಾವುದು? ನೀವು ಬಹುಶಃ ಇನ್ನೂ ಸೀಲ್ ಒಡೆಯದ ಸನ್‌ಸ್ಕ್ರೀನು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 1992ರಲ್ಲಿ ಒಂದು ಪ್ರಯೋಗ ಶುರುವಾಯಿತು. ಅರ್ಧ ಜನಕ್ಕೆ ದಿನಾ ಹಚ್ಚಿ ಎಂದರು, ಉಳಿದವರಿಗೆ ನಿಮ್ಮಿಷ್ಟ ಎಂದರು. 55 ದಾಟದ 900ಕ್ಕೂ ಹೆಚ್ಚು ಗಂಡಸರು ಹೆಂಗಸರ ಕೈ ಹಿಂಭಾಗದ ಚರ್ಮದ ಅಚ್ಚು ತೆಗೆದು ನಾಲ್ಕೂವರೆ ವರ್ಷದ ಕೊನೆಗೆ ಹೋಲಿಸಿದರು. ದಿನಾ ಹಚ್ಚಿದವರ ಚರ್ಮದಲ್ಲಿ ಮುಪ್ಪಿನ ಗುರುತು 24% ಕಡಿಮೆ. 2013ರಲ್ಲಿ ಪ್ರಕಟವಾದ ಈ ಲೆಕ್ಕಕ್ಕೆ ಸಮನಾಗಿ ನಿಲ್ಲುವಂಥದ್ದನ್ನು ನಾನು ಸೀರಂಗಳ ಜಾಹೀರಾತಿನಲ್ಲಿ ಕಂಡಿಲ್ಲ. ಅಮೆರಿಕದ ಲಾರಿ ಚಾಲಕರೊಬ್ಬರ ಫೋಟೊ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು: 28 ವರ್ಷ ಲಾರಿ ಓಡಿಸಿದ ಅವರ ಎಡಗೆನ್ನೆ ಮಡಿಕೆ ಮಡಿಕೆಯಾಗಿದೆ, ಬಲಗೆನ್ನೆ ವಯಸ್ಸಿಗೆ ತಕ್ಕಂತೆ ಇದೆ. ಅಲ್ಲಿ ಚಾಲಕರ ಕಿಟಕಿ ಎಡಕ್ಕೆ. ಸುಕ್ಕು ತರುವ ಕಿರಣ ಗಾಜನ್ನೂ ಮೋಡವನ್ನೂ ದಾಟುತ್ತದೆ, ಆದ್ದರಿಂದ ಮಲೆನಾಡಿನ ಮಳೆಗಾಲ ಎಂದು ಬಿಡುವ ಹಾಗಿಲ್ಲ.

ನಮ್ಮ ಕಂದು ಚರ್ಮಕ್ಕೆ ಸುಕ್ಕು ತಡವಾಗಿ ಬರುತ್ತದೆ, ಭಂಗು ಮತ್ತು ಕಲೆ ಮೊದಲು ಬರುತ್ತವೆ. ಭಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುವುದರಿಂದ ನಿಮಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ತೋರುಬೆರಳು ನಡುಬೆರಳಿನ ಉದ್ದಕ್ಕೆ ಒಂದೊಂದು ಗೆರೆ ಹಿಂಡಿದರೆ ಮುಖ ಕತ್ತಿಗೆ ಸಾಕು. ದುಬಾರಿಯೆಂದು ಬೊಟ್ಟಿನಷ್ಟು ಹಚ್ಚಿದರೆ ಡಬ್ಬಿಯ ಮೇಲೆ ಬರೆದ ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ಅಷ್ಟು ರಕ್ಷಣೆ, ಸಿಗುವುದಿಲ್ಲ. ದುಬಾರಿಯದೇ ಬೇಕೆಂದೂ ಇಲ್ಲ.

ವೈದ್ಯರು ಒಪ್ಪಿದ ಮೇಲೆ ಹೀಗೆ ಮಾಡಿ: ಬೆಳಿಗ್ಗೆ ಸನ್‌ಸ್ಕ್ರೀನ್, ರಾತ್ರಿ ಸಾದಾ ಮಾಯಿಶ್ಚರೈಸರ್. ಒಂದು ತಿಂಗಳ ನಂತರ ರೆಟಿನಾಲ್, ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ. ಒಂದೊಂದಾಗಿ ಸೇರಿಸಿದರೆ ಉರಿದದ್ದು ಯಾವುದರಿಂದ ಎಂದಾದರೂ ಗೊತ್ತಾಗುತ್ತದೆ. ಮಗಳಿಗೂ ಒಂದು ಮಾತು ಹೇಳಿ: ಬಸಿರಿನ ಯೋಚನೆ ಇರುವವರು ರೆಟಿನಾಲ್ ಮುಟ್ಟುವುದಿಲ್ಲ.

ವ್ಯಾಯಾಮದ್ದೂ ಇದೇ ಕಥೆ. 10,000 ಹೆಜ್ಜೆ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಜಪಾನಿನ ಅಂಗಡಿಯಲ್ಲಿ. 1964ರ ಟೋಕಿಯೊ ಒಲಿಂಪಿಕ್ಸಿನ ಹುರುಪಿನಲ್ಲಿ ಒಂದು ಕಂಪನಿ 1965ರಲ್ಲಿ ಹೆಜ್ಜೆ ಎಣಿಸುವ ಯಂತ್ರ ತಂದು ಅದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮೀಟರ್’ ಎಂದು ಹೆಸರಿಟ್ಟಿತು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,000ಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದಾಗ, ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400ರವರಲ್ಲೇ ಸಾವು ಸಾಕಷ್ಟು ಕಡಿಮೆಯಿತ್ತು, 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಬಸ್ ಸ್ಟಾಪಿನಿಂದ ಶಾಲೆಗೆ ನಡೆದು ಹೋಗಿ, ಇಡೀ ದಿನ ನಿಂತು ಪಾಠ ಮಾಡುವ ನೀವು ರಾತ್ರಿ ಮನೆಯ ಹಜಾರದಲ್ಲಿ ಸುತ್ತು ಹಾಕಿ ಲೆಕ್ಕ ತುಂಬಿಸಬೇಕಾಗಿಲ್ಲ.

ಅನ್ನ ಏಳಕ್ಕೋ ಎಂಟಕ್ಕೋ ಎಂಬ ಜಗಳ ಬಿಡಿ. ತಟ್ಟೆಯಲ್ಲಿ ಅನ್ನದ ಪಕ್ಕ ಏನಿದೆ ಎಂಬುದು ದೊಡ್ಡ ಪ್ರಶ್ನೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್. 60 ಕಿಲೋದವರಿಗೆ ಸುಮಾರು 50 ಗ್ರಾಂ. ತಿಳಿಸಾರು, ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಅದು ಬರುವುದಿಲ್ಲ. ಕಟ್ಟು ತೆಗೆದ ಸಾರಿನ ಬೇಳೆ ಯಾರ ತಟ್ಟೆಗೆ ಹೋಗುತ್ತದೆ ನೋಡಿಕೊಳ್ಳಿ. ಹೆಸರುಕಾಳಿನ ಉಸಲಿ, ಗಟ್ಟಿ ಬೇಳೆಯ ಹುಳಿ, ಕಡಲೆ, ಗಟ್ಟಿ ಮೊಸರು ಆ ಕೊಲಾಜೆನ್ ಡಬ್ಬಿಗಿಂತ ಎಷ್ಟೋ ಮೇಲು.

ನಾನು ನಿಮಗೆ ಒತ್ತಿ ಹೇಳುವುದು ಒಂದೇ: ಸ್ನಾಯುವಿಗೆ ಕೆಲಸ ಕೊಡಿ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವುದೂ ಸ್ನಾಯು ಕರಗುವುದೂ ಜೋರಾಗುತ್ತದೆ, ನಡಿಗೆಯೊಂದೇ ಅದನ್ನು ತಡೆಯದು. 1990ರಲ್ಲಿ ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಕಾಲಿನಲ್ಲಿ ಭಾರ ಎತ್ತಿಸಿದರು. ಎಂಟು ವಾರದಲ್ಲಿ ಕಾಲಿನ ಬಲ ಸರಾಸರಿ 174% ಹೆಚ್ಚಿತು, ಇಬ್ಬರು ಊರುಗೋಲು ಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೊಡ್ಡವರಿಗೂ ಹೇಳುವುದು ವಾರಕ್ಕೆ ಎರಡು ದಿನ ಇಂಥ ವ್ಯಾಯಾಮ, ಜೊತೆಗೆ 150 ನಿಮಿಷ ಬಿರುಸು ನಡಿಗೆಯಂಥದ್ದು. ಜಿಮ್ ಬೇಡ. ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ದೂಡುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತುವುದು. ಹತ್ತು ಸಲ ಆದ ಮೇಲೆ ಇನ್ನೆರಡೇ ಆದೀತು ಅನ್ನಿಸುವಷ್ಟು ಭಾರ ಇರಲಿ, ಅದು ಸಲೀಸಾದಾಗ ಹೆಚ್ಚಿಸಿ. ನಗುವ ನಿಮ್ಮ ಯಜಮಾನರನ್ನೂ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ ಎನ್ನಿ.

ಗರ್ಭಕೋಶ ಜಾರುವ ಭಯಕ್ಕೆ ಉತ್ತರ ಬಾಕಿಯಿದೆ. ಕೆಳಗೆ ಭಾರವಾದಂತೆ, ಏನೋ ಇಳಿದಂತೆ ಅನ್ನಿಸುತ್ತಿದ್ದರೆ, ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಅವರು ಹೇಳಿಕೊಡುವ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮದಿಂದ ಶುರು ಮಾಡಿ. ಅಂಥದ್ದೇನೂ ಇಲ್ಲವೆಂದರೆ ಹಗುರದಿಂದ ಆರಂಭಿಸಿ, ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ಬಿಡುತ್ತಾ ಎತ್ತಿ. ಬಾವಿಯಿಂದ ಕೊಡಪಾನ ಸೇದಿದವರಿಗೆ ಎರಡು ಲೀಟರಿನ ಬಾಟಲಿ ಹೊಸ ಭಾರವೇನಲ್ಲ.