ಮಳೆಯ ಲೆಕ್ಕವೂ ಸದಸ್ಯರ ಸುದ್ದಿಯೇ

ಪ್ರಿಯ ಅಕ್ಕ,

ನಮಸ್ಕಾರ. ನಮ್ಮ ಕೊಡಗಿನ ಸಿದ್ದಾಪುರದ ಕಡೆಯಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉತ್ತರವನ್ನು ಮಾತ್ರ ನಿಮ್ಮ ಮನೆಗೆ ಕಳಿಸದೆ ಇಲ್ಲೇ, ನಮ್ಮ ಕ್ಲಬ್‌ನ ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ನೀವು ಬರೆದು ಕೇಳಿದ್ದನ್ನು ವರಾಂಡದಲ್ಲಿ ಕೂತು ಮೆಲ್ಲಗೆ ಮಾತಾಡಿಕೊಂಡವರು ಹಲವರಿದ್ದಾರೆ.

ಉಳಿದ ಓದುಗರಿಗಾಗಿ ಕಾಗದದ ಸಾರ ಹೇಳಿಬಿಡುತ್ತೇನೆ. ಬೇಸಿಗೆ ಬಂತೆಂದರೆ ಕ್ಲಬ್ ತಮ್ಮದು ಅನ್ನಿಸುವುದೇ ಇಲ್ಲ ಎಂದು ಅಕ್ಕ ಬರೆದಿದ್ದಾರೆ. ಈಜುಕೊಳದಲ್ಲಿ ಬೆಳಗಿನಿಂದ ಸಂಜೆವರೆಗೂ ಮಕ್ಕಳ ಗಲಾಟೆ. ಸಂಜೆಯ ಕಾರ್ಯಕ್ರಮ ಮುಗಿಯುವುದು ರಾತ್ರಿ ಹತ್ತೂವರೆಗೆ, ಮನೆಯ ದಾರಿಯಲ್ಲಿ ಆನೆ. ಮಕ್ಕಳ ಶಿಬಿರ ಇಟ್ಟದ್ದು ಹಾಕಿ ನಮ್ಮೆಯ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬದ ದಿನಗಳಲ್ಲೇ. ಎಲ್ಲಕ್ಕಿಂತ ಹೆಚ್ಚಾಗಿ ನೋವಾದದ್ದು ‘ಸದಸ್ಯರ ಸುದ್ದಿ’ ಪುಟ ನೋಡಿ. ಅವರ ಮಾತನ್ನೇ ಕೊಡುತ್ತೇನೆ: “ಪುಟದ ತುಂಬ ಬೆಂಗಳೂರು, ದುಬೈ, ಟೊರಾಂಟೊ. ಮಳೆಗಾಲ ಪೂರ್ತಿ ಕರೆಂಟಿಲ್ಲದೆ ಇಲ್ಲೇ ಕೂತವರ ಹೆಸರು ಬರುವುದು ತೀರಿಕೊಂಡ ಮೇಲೆ. ಅದೂ ಒಂದು ಸಾಲು. ನಮ್ಮ ಯಜಮಾನರದ್ದೂ ಒಂದೇ ಸಾಲು.”

ಅಕ್ಕ, ಆ ಸಾಲು ಬರೆದವನು ನಾನು. ‘ಹಿರಿಯ ಸದಸ್ಯರು, ಕಾಫಿ ಬೆಳೆಗಾರರು’ ಎಂದು ಬರೆದು ಮುಂದಿನ ಸುದ್ದಿಗೆ ಹೋಗಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಆ ಸಂಚಿಕೆ ತೆಗೆದು ನೋಡಿದೆ. ಅದರ ಕೆಳಗೇ ತಂಬೋಲಾ ಬಹುಮಾನದ ಪಟ್ಟಿ ಅರ್ಧ ಪುಟ ಇದೆ. ತಪ್ಪಾಯಿತು. ಮನಸಾರೆ ಕ್ಷಮೆ ಕೇಳುತ್ತೇನೆ.

ಆದರೆ ಈಜುಕೊಳದ ವಿಷಯದಲ್ಲಿ ನಿಮ್ಮ ಮಾತಿಗೆ ಒಪ್ಪಲಾರೆ. ಅದನ್ನು ಮೊದಲೇ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಕೆರೆ ಇಲ್ಲದ ತೋಟ ಎಷ್ಟಿದೆ? ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ನೀರು ಬೇಕು. ಅದಕ್ಕಾಗಿ ಹಳೆಯ ಕೆರೆಗಳನ್ನು ಆಳ ಮಾಡಿದ್ದೇವೆ, ಹೊಸ ಹೊಂಡ ತೋಡಿಸಿದ್ದೇವೆ. ಕೆರೆಯಲ್ಲಾದರೆ ದಡದಲ್ಲಿ ಬೇರು, ಹುಲ್ಲು ಏನಾದರೂ ಕೈಗೆ ಸಿಗುತ್ತದೆ. ಟಾರ್ಪಾಲು ಹಾಸಿದ ಕೃಷಿ ಹೊಂಡದಲ್ಲಿ ಅದೂ ಇಲ್ಲ. ಇಳಿಜಾರಿನ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಕಟ್ಟಿರುತ್ತದೆ. ಬಿದ್ದವರು ಕಾಲೂರಿದಷ್ಟೂ ಕೆಳಗೆ ಜಾರುತ್ತಾರೆ. ಈಜು ಬಲ್ಲ ಗಟ್ಟಿ ಆಳಿಗೂ ಮೇಲೆ ಹತ್ತಲು ಆಗುವುದಿಲ್ಲ. ಕಾವೇರಿ ಬೇಸಿಗೆಯಲ್ಲಿ ಸಣ್ಣಗಾಗಿ ಬಂಡೆ ಕಾಣುವಾಗ ಮಕ್ಕಳಿಗೆ ಧೈರ್ಯ ಬರುತ್ತದೆ, ಆದರೆ ಬಂಡೆಗಳ ನಡುವಿನ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಚೇಲಾವರ ಜಲಪಾತದ ಕೆಳಗೆ ನೀರಿಗಿಳಿದು ಹೋದ ಹುಡುಗರ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ.

ಹಾಗಾಗಿ ನಮ್ಮ ಈಜು ತರಗತಿಯನ್ನು ಮೋಜು ಎಂದು ನೋಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ ವರ್ಷ ಅಲ್ಲಿ ಏನು ಕಲಿಸಿದರು ಎಂದು ನಾನೇ ಮೂರು ದಿನ ಹೋಗಿ ನೋಡಿದೆ. ಮೊದಲ ದಿನಗಳಲ್ಲಿ ಕೈ ಬೀಸುವುದು ಇಲ್ಲವೇ ಇಲ್ಲ. ಅಂಗಾತ ಮಲಗಿ ತೇಲುವುದು, ಕಿವಿ ನೀರಿನೊಳಗೆ, ಮೂಗು ಮೇಲೆ. ನೀರಿನೊಳಗೆ ಗುಳ್ಳೆ ಬಿಟ್ಟು ಮೇಲೆ ಬಂದು ಉಸಿರು ತೆಗೆದುಕೊಳ್ಳುವುದು. ಕೊನೆಯ ದಿನ ಮಕ್ಕಳನ್ನು ಪ್ಯಾಂಟು, ಶರಟು ಹಾಕಿಸಿಯೇ ನೀರಿಗೆ ಇಳಿಸಿದರು, ಏಕೆಂದರೆ ಕೆರೆಗೆ ಬೀಳುವ ಮಗು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲ. ಎಂಟು ವರ್ಷದ ಒಬ್ಬಳು ಹುಡುಗಿ, ಒದ್ದೆ ಜೀನ್ಸ್ ಭಾರಕ್ಕೆ ಮೊದಲು ಗಾಬರಿಯಾಗಿ ಗೋಡೆ ಹಿಡಿದಳು. ಆಮೇಲೆ ತಾನೇ ಕೈಬಿಟ್ಟು ಮಲಗಿದಳು. ಎದೆ ಮೇಲೇರಿ ಇಳಿಯುವುದು ದಡದಿಂದ ಕಾಣುತ್ತಿತ್ತು. ಐದು ನಿಮಿಷ ಹಾಗೇ ತೇಲಿದಳು. ಅವಳ ತಾಯಿ ಉಸಿರು ಬಿಗಿಹಿಡಿದು ನಿಂತಿದ್ದರು.

ಮುಳುಗುವವರನ್ನು ಕಂಡರೆ ಹಿಂದೆಯೇ ಹಾರಬಾರದು, ಹಗ್ಗವನ್ನೋ ಬಿದಿರನ್ನೋ ಚಾಚಬೇಕು ಎಂಬುದನ್ನೂ ಆಡಿಸಿ ಕಲಿಸಿದರು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ನಮ್ಮಲ್ಲಿ ಹೊಸದಲ್ಲ. ಇದನ್ನು ಓದುವ ತೋಟದವರೆಲ್ಲರಲ್ಲೂ ಒಂದು ಕೋರಿಕೆ: ಟಾರ್ಪಾಲಿನ ಹೊಂಡ ಇದ್ದರೆ ಸುತ್ತ ಬೇಲಿ ಹಾಕಿಸಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗವನ್ನು ನೀರಿನವರೆಗೆ ಇಳಿಬಿಡಿ. ತುದಿಗೆ ಒಂದು ಹಳೆಯ ಟಯರ್ ಟ್ಯೂಬ್ ಕಟ್ಟಿ. ಹಗ್ಗ, ಟ್ಯೂಬು ಕಟ್ಟುವುದು ದೊಡ್ಡ ಕೆಲಸವೇನಲ್ಲ.

ಇನ್ನೊಂದು ಮಾತು. ಹೊಂಡದ ಪಕ್ಕ ಆಡುವವರು ನಮ್ಮ ಮಕ್ಕಳಿಗಿಂತ ಹೆಚ್ಚಾಗಿ ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುತ್ತಾರೆ, ಶಾಲೆಗೆ ರಜೆ. ಸೋಮವಾರ ಕ್ಲಬ್ ಮುಚ್ಚಿರುತ್ತದೆ. ಆ ಒಂದು ದಿನ ಆ ಮಕ್ಕಳಿಗೆ ಕೊಳ ಬಿಟ್ಟುಕೊಟ್ಟು ಅದೇ ಕೋಚ್‌ಗಳಿಂದ ಕಲಿಸಬೇಕು ಎಂದು ಸಮಿತಿಯ ಮುಂದೆ ಬರೆದು ಇಟ್ಟಿದ್ದೇನೆ. ತೀರ್ಮಾನ ಇನ್ನೂ ಆಗಿಲ್ಲ. ನಿಮ್ಮಂಥವರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಹೇಳಿದರೆ ಆಗುತ್ತದೆ. ಹಿರಿಯರಿಗೆ ಬೆಳಗ್ಗೆ ಆರರಿಂದ ಏಳೂವರೆವರೆಗೆ ಕೊಳ ಮೀಸಲು, ಆ ಹೊತ್ತಿನಲ್ಲಿ ಮಕ್ಕಳನ್ನು ಬಿಡುವುದಿಲ್ಲ. ಇದು ಈಗಾಗಲೇ ನೋಟಿಸ್ ಬೋರ್ಡಿಗೆ ಬಂದಿದೆ.

ರಾತ್ರಿಯ ಹೊತ್ತಿನ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಹಲಸು ಹಣ್ಣಾಗುವ ಕಾಲಕ್ಕೆ ಸಿದ್ದಾಪುರ, ನೆಲ್ಯಹುದಿಕೇರಿ, ಪಾಲಿಬೆಟ್ಟದ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸುವುದು ಎಂಥದ್ದೆಂದು ಸಮಿತಿಯಲ್ಲಿರುವ ಪೇಟೆಯವರಿಗೆ ಹೊಳೆದಿರಲಿಲ್ಲ. ಇನ್ನು ಮೇಲೆ ಮೇ, ಜೂನ್‌ನಲ್ಲಿ ನಾಲ್ಕಕ್ಕೆ ಶುರು, ಏಳಕ್ಕೆ ಮುಕ್ತಾಯ.

ಹಾಕಿಯ ಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360, ಮರುವರ್ಷ ಮಡಿಕೇರಿಯಲ್ಲಿ 396. ತಾತ ಗೋಲ್‌ಕೀಪರ್ ಆಗಿ, ಮೊಮ್ಮಗಳು ಫಾರ್ವರ್ಡ್ ಆಗಿ ಒಂದೇ ಜರ್ಸಿ ಹಾಕಿ ಇಳಿಯುವ ದಿನಗಳವು. ಆ ವಾರಗಳಲ್ಲಿ ಕ್ಲಬ್‌ನಲ್ಲಿ ‘ಮಕ್ಕಳ ಹಾಕಿ ತರಬೇತಿ’ ಇಟ್ಟರೆ ಯಾರು ಬರುತ್ತಾರೆ? ಈ ಸಲ ಹನ್ನೊಂದು ಮಕ್ಕಳು ಬಂದಿದ್ದರು. ಗೌಡ ಕುಟುಂಬಗಳ ಕ್ರಿಕೆಟ್ ಕೂಡ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ. ಮುಂದಿನ ವರ್ಷದಿಂದ ಏಪ್ರಿಲ್‌ನಲ್ಲಿ ಈಜು ಮಾತ್ರ ಇರುತ್ತದೆ. ಟೆನಿಸ್, ಚಿತ್ರಕಲೆ, ಅಡುಗೆ ಎಲ್ಲ ಹಾಕಿ ಫೈನಲ್ ಮುಗಿದ ಮೇಲೆ, ಮುಂಗಾರು ಹಿಡಿಯುವುದರೊಳಗೆ. ಅಡುಗೆ ತರಗತಿಯಲ್ಲಿ ಪಿಜ್ಜಾ ಬೇಡ, ಕಾಡುಮಾವಿನ ಕರಿ ಕಲಿಸಿ ಎಂದು ಬರೆದಿದ್ದೀರಲ್ಲ, ಅದು ಬಹಳ ಹಿಡಿಸಿತು. ಬೆಲ್ಲ ಎಷ್ಟು, ಖಾರ ಎಷ್ಟು ಎಂದು ಮಕ್ಕಳ ಕೈಯಲ್ಲೇ ಹಾಕಿಸಿ ಕಲಿಸುವವರು ನೀವೇ ಆಗಬೇಕು.

ಈಗ ‘ಸದಸ್ಯರ ಸುದ್ದಿ’ಗೆ ಬರುತ್ತೇನೆ. ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟ. ಯಜಮಾನರು 41 ವರ್ಷ ದಿನಾ ಬೆಳಗ್ಗೆ ಎಂಟೂವರೆಗೆ ಕಣದ ಮೂಲೆಯ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದದ್ದು, ಆಸ್ಪತ್ರೆಗೆ ಹೊರಟ ದಿನವೂ ಅದನ್ನು ಬರೆದೇ ಗಾಡಿ ಹತ್ತಿದ್ದು, ಈಗ ಆ ಕೆಲಸ ನೀವು ಮಾಡುತ್ತಿರುವುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿದ ಆ ವಾರದ ಪುಟದಲ್ಲಿ ಒಂದು ದಿನ ಅಂಕಿಯ ಜಾಗದಲ್ಲಿ ‘ಮಾಪಕ ತುಂಬಿ ಹರಿದಿದೆ’ ಎಂದಷ್ಟೇ ಇದೆ ಎಂದು ಬರೆದಿದ್ದೀರಿ. ಅದನ್ನು ಓದಿ ನಾನು ಕಾಗದ ಕೆಳಗಿಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ಆಮೇಲೆ ಬಂದ ಪ್ಲಾಂಟರುಗಳ ತೋಟಗಳು ಒಂದಕ್ಕೊಂದು ಮೈಲಿಗಟ್ಟಲೆ ದೂರ. ಅವರ ಕ್ಲಬ್ಬುಗಳಲ್ಲಿ ನಮ್ಮ ಹಿರಿಯರಿಗೆ ಬಾಗಿಲು ತೆರೆದದ್ದು ಬಹಳ ತಡವಾಗಿ. ಅದು ಬೇರೆಯೇ ಕಥೆ. ಆದರೆ ವಾರಕ್ಕೊಂದು ‘ಕ್ಲಬ್ ಡೇ’ ಇಟ್ಟುಕೊಂಡು ಅಷ್ಟು ದೂರದಿಂದ ಬಂದು ಸೇರುತ್ತಿದ್ದವರು ಏನು ಮಾತಾಡುತ್ತಿದ್ದರೋ ನಾವು ಇವತ್ತಿಗೂ ಅದನ್ನೇ ಮಾತಾಡುತ್ತೇವೆ. ಮಾರ್ಚ್ ತಿಂಗಳಲ್ಲಿ ಕಾರಿನಿಂದ ಇಳಿಯುತ್ತಲೇ ಕೇಳುವ ಮೊದಲ ಮಾತು ಕ್ಷೇಮ ಸಮಾಚಾರವಲ್ಲ. “ನಿಮ್ಮಲ್ಲಿ ಎಷ್ಟಾಯ್ತು?” “ಒಂದು ಇಂಚು ಇಪ್ಪತ್ತು ಸೆಂಟ್.” ಹೊರಗಿನವರಿಗೆ ಸೆಂಟ್ ಎಂದರೆ ಜಾಗ ನೆನಪಾಗುತ್ತದೆ. ನಮಗೆ ಇಂಚಿನ ನೂರರಲ್ಲಿ ಒಂದು ಪಾಲು ಮಳೆ.

ಆ ಸೆಂಟುಗಳ ಮೇಲೆ ನಮ್ಮ ವರ್ಷ ನಿಂತಿದೆ. ಒಂದು, ಒಂದೂವರೆ ಇಂಚು ಹೂಮಳೆ ಬಿದ್ದರೆ ಎಂಟು ಒಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮೂವತ್ತು ಸೆಂಟ್ ಬಿದ್ದು ಕೈಕೊಟ್ಟರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತದೆ. ಅರಳಿದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡವಲ್ಲ. ಅದಕ್ಕೆ ಗಾಳಿ ಬೇಕು, ಜೇನು ಬೇಕು. ಮತ್ತೆ ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಮಳೆ, ಅಂದರೆ ಕಚ್ಚಿದ ಕಾಯಿ ನಿಲ್ಲಿಸುವ ಎರಡನೆಯ ಮಳೆ ಬರಬೇಕು, ಇಲ್ಲವಾದರೆ ಸ್ಪ್ರಿಂಕ್ಲರ್. ಬೇಸಿಗೆಯ ಮಳೆ ಊರಿಗೆಲ್ಲ ಒಂದೇ ಸಮ ಬೀಳುವುದೂ ಇಲ್ಲ. ನಿಮ್ಮ ತೋಟದಲ್ಲಿ ಒಂದೂಕಾಲು ಇಂಚು ಹೊಯ್ದ ಸಂಜೆ ಹೊಳೆಯ ಆಚೆ ಧೂಳು ಅಡಗಿರುವುದಿಲ್ಲ. ಆಚೆ ದಡದವರು ಮರುದಿನವೇ ಪಂಪ್ ಇಡಬೇಕೋ ಇನ್ನೆರಡು ದಿನ ಕಾಯಬೇಕೋ ಎಂದು ಒದ್ದಾಡುತ್ತಿರುತ್ತಾರೆ.

ಇಷ್ಟು ದೊಡ್ಡ ಸುದ್ದಿಯನ್ನು ನಮ್ಮ ಪತ್ರಿಕೆ ಒಮ್ಮೆಯೂ ಹಾಕಿಲ್ಲ. ಮಕ್ಕಳಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು, ಮದುವೆಗೆ ಐವತ್ತು ತುಂಬಿತು ಎಂಬ ಸುದ್ದಿಗಳು ಇನ್ನೂ ಬರುತ್ತವೆ, ಬರಲಿ. ಅವು ಯಾರದೋ ಮನೆಯ ಸಂತೋಷ. ಆದರೆ ಮುಂದಿನ ಬೇಸಿಗೆ ಸಂಚಿಕೆಯಿಂದ ಆ ಪುಟದ ಮೇಲ್ಭಾಗದಲ್ಲಿ ಮೊದಲು ಬರುವುದು ಮಳೆಯ ಲೆಕ್ಕ. ಯಾವ ಸದಸ್ಯರ ತೋಟದಲ್ಲಿ ಯಾವ ದಿನ ಎಷ್ಟು ಇಂಚು ಎಷ್ಟು ಸೆಂಟ್, ಹೂ ಅರಳಿದ್ದು ಯಾವಾಗ, ಬ್ಯಾಕಿಂಗ್ ಬಂತೋ ಇಲ್ಲವೋ. ಅದರ ಕೆಳಗೆ ಇಲ್ಲಿಯೇ ಇರುವವರ ಸುದ್ದಿ: ಯಾರು ಹೊಸ ನರ್ಸರಿ ಹಾಕಿದರು, ಯಾರು ಜೇನುಪೆಟ್ಟಿಗೆ ಇಟ್ಟರು, ಯಾರ ಮೊಣಕಾಲಿನ ಆಪರೇಷನ್ ಆಗಿ ಮನೆಯಲ್ಲಿದ್ದಾರೆ, ಯಾರನ್ನು ಹೋಗಿ ನೋಡಿಕೊಂಡು ಬರಬೇಕು. ತೀರಿಕೊಂಡವರ ಬಗ್ಗೆ ಇನ್ನು ಒಂದು ಸಾಲು ಬರುವುದಿಲ್ಲ. ನಾನೋ ಸಮಿತಿಯವರೊಬ್ಬರೋ ಮನೆಗೆ ಹೋಗಿ ಕೂತು ಕೇಳಿಯೇ ಬರೆಯುತ್ತೇವೆ.

ಕೋರ್ಟು ನೋಡಿಕೊಂಡು ಆಟ ಹೇಳಿಕೊಡುತ್ತಿದ್ದ ನಮ್ಮ ಟೆನಿಸ್ ಮಾರ್ಕರ್ ನಿವೃತ್ತಿಯಾದದ್ದನ್ನು ಹಾಕಲೇ ಇಲ್ಲ ಎಂದೂ ಬರೆದಿದ್ದೀರಿ. ಕಾಫಿ ಬೆಳೆಗಾರರ ಮನೆಯ ಮಗ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಇಡೀ ಪುಟ ಕೊಟ್ಟೆವು. ಕೊಡಲೇಬೇಕಿತ್ತು. ಆದರೆ ನಮ್ಮ ಕೆಮ್ಮಣ್ಣಿನ ಕೋರ್ಟಿನಲ್ಲಿ ಬೆಳಕು ಹರಿಯುವ ಮೊದಲೇ ನೀರು ಚಿಮುಕಿಸಿ, ರೋಲರ್ ಎಳೆದು, ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದವರು ನಮ್ಮ ಮಾರ್ಕರ್. ನನ್ನ ಮಗಳಿಗೆ ಬ್ಯಾಟು ಹಿಡಿಯಲು ಹೇಳಿಕೊಟ್ಟದ್ದೂ ಅವರೇ. ಗೆರೆ ಎಳೆದಾದ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದರು. ಸೊಟ್ಟಗಿದ್ದರೆ ಅಂಗೈಯಿಂದ ಒರೆಸಿ ಮತ್ತೆ ಎಳೆಯುತ್ತಿದ್ದರು. ಮುಂದಿನ ಸಂಚಿಕೆಯಲ್ಲಿ ಅವರ ಫೋಟೊ, ಅವರದೇ ಮಾತು ಬರುತ್ತದೆ. ಅವರ ಮನೆಗೆ ಹೋಗಿ ಒಪ್ಪಿಗೆ ಕೇಳಿ ಬಂದಿದ್ದೇನೆ.

ಕೊನೆಯದಾಗಿ ಮಳೆಪುಸ್ತಕ. ಅಂಚೆಯಲ್ಲಿ ಕಳಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಮನೆ ಬಿಟ್ಟು ಹೊರಡುವುದು ಬೇಡ. ಬರುವ ಶನಿವಾರ ಬೆಳಗ್ಗೆ ಎಂಟಕ್ಕೆ ನಾನೇ ಬರುತ್ತೇನೆ. ಮಾಪಕ ನೋಡಿ ಬರೆದಾದ ಮೇಲೆ ಕೂತು ಒಂದೊಂದೇ ಪುಟದ ಫೋಟೊ ತೆಗೆದುಕೊಳ್ಳೋಣ. 41 ವರ್ಷದ ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಅಂಕಿಗಳನ್ನು ಪಟ್ಟಿಮಾಡಿ ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನಲ್ಲೇ ಹಾಕಬೇಕೆಂದಿದ್ದೇನೆ. ಅದಕ್ಕೆ ಮಾತ್ರ ಹೆಸರು ಹಾಕಲು ನೀವು ಒಪ್ಪಬೇಕು.

ನಿಮ್ಮ,
ಸಂಪಾದಕ