ಸರಾಗವಾಗಿ ಓದುತ್ತಾರೆ, ಅರ್ಥವಾಗಿದೆಯೇ?

ಪ್ರಶ್ನೆ: ಪಾವಗಡ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಹೆಚ್ಚಿನ ಮಕ್ಕಳು ತಡವರಿಸದೆ ಓದುತ್ತಾರೆ, ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರವನ್ನೂ ಬರೆಯುತ್ತಾರೆ. ಹೊಸ ಗದ್ಯಭಾಗ ಕೊಟ್ಟು ‘ಇದರಲ್ಲಿ ಏನಿದೆ ಹೇಳಿ’ ಎಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಹಲವರ ಮನೆಮಾತು ತೆಲುಗು. ಏನು ಮಾಡಲಿ?
– ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ಮೊದಲು ಆ ಪಾಠದ ಕೊನೆಯ ಪ್ರಶ್ನೆಗಳನ್ನೇ ಅನುಮಾನಿಸಿ. ‘ದೊಮ್ಮನು ಝಕ್ಕೆಯಲ್ಲಿ ಪಿರುಟೆಯನ್ನು ಲುಗಿದನು’ ಎಂದು ಹಲಗೆಯ ಮೇಲೆ ಬರೆಯಿರಿ. ದೊಮ್ಮನು ಎಲ್ಲಿ ಲುಗಿದನು, ಏನನ್ನು ಲುಗಿದನು ಎಂದು ಕೇಳಿ. ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ! ವಿಭಕ್ತಿ ಪ್ರತ್ಯಯ ಕಣ್ಣಿಗೆ ಬಿದ್ದರೆ ಸಾಕು, ಅರ್ಥ ಬೇಕಾಗಿಯೇ ಇಲ್ಲ. ಇಂಥ ಉತ್ತರಗಳಿಗೆ ಪೂರ್ತಿ ಅಂಕ ಬೀಳುತ್ತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಈಗ ಇದನ್ನು ಕೊಡಿ: ‘ಕಣದಲ್ಲಿ ಕಡಲೆಕಾಯಿ ಹರಡಿತ್ತು. ಪಡುವಣದಲ್ಲಿ ಮೋಡ ಕಟ್ಟಿತು. ಅಜ್ಜಿ ಊಟದ ತಟ್ಟೆ ಬಿಟ್ಟು ಟಾರ್ಪಾಲು ಹಿಡಿದು ಓಡಿದಳು.’ ಅಜ್ಜಿ ಓಡಿದ್ದೇಕೆ? ಮಳೆ ಎಂಬ ಮಾತೇ ಅಲ್ಲಿಲ್ಲ. ಕಡಲೆಕಾಯಿ ಬೆಳೆಯುವ ನಿಮ್ಮೂರಿನ ಮಗು ಉತ್ತರವನ್ನು ತನ್ನ ಮನೆಯ ಅಂಗಳದಿಂದ ತರುತ್ತದೆ. ಅದೇ ಮಗು ಬಂದರಿನ ಕುರಿತ ಪಾಠದಲ್ಲಿ ಎಡವಿದರೆ ದಡ್ಡತನವಲ್ಲ, ಅದು ಸಮುದ್ರವನ್ನೇ ಕಂಡಿಲ್ಲ. ಅಂಥ ಪಾಠಕ್ಕೆ ಮುಂಚೆ ಹತ್ತು ನಿಮಿಷ ಚಿತ್ರ ತೋರಿಸಿ, ಮಾತನಾಡಿ. ಆ ಹತ್ತು ನಿಮಿಷ ದಂಡವಾಗುವುದಿಲ್ಲ.

ನೀವು ವಿವರಿಸಿದಂಥ, ಓದಲು ಬರುವ ಆದರೆ ಅರ್ಥ ಹಿಡಿಯಲಾಗದ ಏಳನೇ ತರಗತಿಯ ಮಕ್ಕಳೊಂದಿಗೆ ಅಮೆರಿಕದ ಶಿಕ್ಷಣ ಸಂಶೋಧಕಿಯರಾದ ಆನ್‌ಮರೀ ಪಾಲಿನ್ಸರ್ ಮತ್ತು ಆನ್ ಬ್ರೌನ್ ಕೆಲಸ ಮಾಡಿ, 1984ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಐದಾರು ಮಕ್ಕಳ ಗುಂಪಿನಲ್ಲಿ ಅದನ್ನು ಹೀಗೆ ಮಾಡಬಹುದು. ಒಂದು ಪ್ಯಾರಾ ಓದಿ ನಿಲ್ಲಿಸುವುದು. ಅದರ ಸಾರ ಹೇಳುವುದು, ಒಂದು ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಮುಂದೇನಾದೀತೆಂದು ಊಹಿಸುವುದು. ಮೊದಮೊದಲು ನೀವೇ ಮಾಡಿ ತೋರಿಸಿ, ‘ಈ ಸಾಲು ನನಗೆ ಸ್ಪಷ್ಟವಾಗಲಿಲ್ಲ, ಹಿಂದಿನದನ್ನು ಮತ್ತೆ ಓದುತ್ತೇನೆ’ ಎಂದು ಬಾಯಿಬಿಟ್ಟು ಹೇಳುತ್ತಾ. ಆಮೇಲೆ ಮೇಷ್ಟರ ಸ್ಥಾನ ಸರದಿಯಂತೆ ಮಕ್ಕಳಿಗೆ ಹೋಗಬೇಕು. ಪ್ರಶ್ನೆ ಕಟ್ಟುವುದು ಅವರಿಗೆ ತೀರಾ ಕಷ್ಟ. ಬಹಳ ದಿನ ‘ಯಾರು, ಎಲ್ಲಿ’ ದಾಟುವುದಿಲ್ಲ. ಕಾಯಿರಿ. ‘ಏಕೆ’ ಎಂದು ಕೇಳಿದ ಮಗುವಿಗೆ ಅಲ್ಲೇ ಶಹಬ್ಬಾಸ್ ಹೇಳಿ.

ಸಾರವನ್ನು ತೆಲುಗಿನಲ್ಲಿ ಹೇಳಿದರೂ ಒಪ್ಪಿಕೊಳ್ಳಿ. ಅರ್ಥವಾಗಿದೆಯೇ ಎಂದು ತಿಳಿಯುವುದು ಆಗಿನ ಉದ್ದೇಶ. ಕನ್ನಡದಲ್ಲಿ ಹೇಳಿಸುವುದು ಅದರ ಮುಂದಿನ ಕೆಲಸ.

ಒತ್ತಕ್ಷರದಲ್ಲಿ ಇನ್ನೂ ತಡವರಿಸುವ ಮಕ್ಕಳು ನಿಮ್ಮಲ್ಲೂ ಕೆಲವರು ಇದ್ದೇ ಇರುತ್ತಾರೆ. ಅವರಿಗೆ ಅಕ್ಷರಾಭ್ಯಾಸ ಪ್ರತ್ಯೇಕವಾಗಿ ನಡೆಯಲೇಬೇಕು. ಆದರೆ ಈ ಗುಂಪಿನಿಂದ ಅವರನ್ನು ಹೊರಗಿಡಬೇಡಿ. ನೀವು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡು, ಅಜ್ಜಿ ಏಕೆ ಓಡಿದಳೆಂದು ಅವರೂ ಹೇಳಬಲ್ಲರು.