ಟ್ಯೂಬಿಂಗನ್‌ನಲ್ಲಿ ಎರಡು ದಿನ, ಜೊತೆಗೊಂದು ಮೊಣಕಾಲು ನೋವು

ಪ್ರಶ್ನೆ: ಮೇಡಂ, ನಮ್ಮ ಮಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಅವಳಿಗೆ ಪರೀಕ್ಷೆ ಹತ್ತಿರ, ನಮಗಾಗಿ ಎರಡು ದಿನ ಮಾತ್ರ ಬಿಡುವು. ನನ್ನ ಹೆಂಡತಿಗೆ ಮೊಣಕಾಲು ನೋವು. ಪರಿಚಯದವರೆಲ್ಲ "ಅದು ಸಣ್ಣ ಊರು, ಅರ್ಧ ದಿನ ಸಾಕು, ಹೈಡೆಲ್‌ಬರ್ಗಿಗೆ ಹೋಗಿ" ಅನ್ನುತ್ತಾರೆ. ನೀವು ಅಲ್ಲಿ ಇದ್ದು ಬಂದವರು. ಏನು ನೋಡಬೇಕು, ಏನು ಬಿಡಬೇಕು?
– ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಉತ್ತರ: ಅರ್ಧ ದಿನ ಸಾಕು ಅಂದವರು ಅರ್ಧ ದಿನ ಇದ್ದು ಬಂದವರೇ ಇರಬೇಕು. ನಾನು ಏಳು ವರ್ಷ ಇದ್ದೆ. ಗಂಡ ಲ್ಯಾಬಿನಲ್ಲಿ, ನಾನು ಬೇಕರಿಯ ಕೌಂಟರಿನಲ್ಲಿ. ಹೈಡೆಲ್‌ಬರ್ಗ್ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಮಗಳು ದಿನಾ ಹಾಲು ತರುವ ಬೀದಿಯನ್ನು ಬಿಟ್ಟು ಬೇರೆ ಊರಿನ ಕೋಟೆ ನೋಡಿ ಬಂದರೆ ಏನು ಬಂತು?

ಊರಿನ ಜನಸಂಖ್ಯೆ 90 ಸಾವಿರದ ಆಸುಪಾಸು. ವಿದ್ಯಾರ್ಥಿಗಳೇ 28 ಸಾವಿರದಷ್ಟು ಇದ್ದಾರೆ. ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಆಗ ನಮ್ಮ ಕೃಷ್ಣದೇವರಾಯ ಪಟ್ಟಕ್ಕೆ ಬರಲು ಇನ್ನೂ 32 ವರ್ಷ ಬಾಕಿ ಇತ್ತು. ಕಟ್ಟಿಸಿದವನು ಎಬರ್‌ಹಾರ್ಡ್ ಎಂಬ ದೊರೆ. ಗಡ್ಡದ ಎಬರ್‌ಹಾರ್ಡ್ ಅಂತಲೇ ಅವನ ಹೆಸರು. 'ಅಟೆಂಪ್ಟೊ' ಅನ್ನುವುದು ಅವನ ಧ್ಯೇಯವಾಕ್ಯ. ಲ್ಯಾಟಿನ್ ಮಾತು, 'ಕೈ ಹಾಕಿ ನೋಡ್ತೀನಿ' ಅಂತ ಇಟ್ಟುಕೊಳ್ಳಿ. ಯೂನಿವರ್ಸಿಟಿ ಗೇಟ್ ಎಲ್ಲಿ ಅಂತ ಮಾತ್ರ ಯಾರನ್ನೂ ಕೇಳಬೇಡಿ. ಮಾನಸ ಗಂಗೋತ್ರಿಯ ಹಾಗೆ ಒಂದೇ ಆವರಣ ಅಲ್ಲ ಅದು. ಒಂದು ವಿಭಾಗ ಕೋಟೆಯೊಳಗೆ, ಇನ್ನೊಂದು ಬೆಟ್ಟದ ಮೇಲೆ, ಮತ್ತೊಂದು ದರ್ಜಿ ಅಂಗಡಿಯ ಪಕ್ಕ.

ಎರಡನೇ ಮಹಾಯುದ್ಧದಲ್ಲಿ ಈ ಊರಿಗೆ ಹೆಚ್ಚು ಪೆಟ್ಟು ಬೀಳಲಿಲ್ಲ. ಹಾಗಾಗಿ ಐನೂರು ವರ್ಷದ ಮರದ ಚೌಕಟ್ಟಿನ ಮನೆಗಳು ಇನ್ನೂ ನಿಂತಿವೆ. ಬೀದಿಯ ಕಲ್ಲುಹಾಸೂ ಹಾಗೇ ಇದೆ. ನಿಮ್ಮ ಮನೆಯವರ ಮೊಣಕಾಲಿಗೆ ಅದೇ ಶತ್ರು. ತೆಳ್ಳಗಿನ ಅಟ್ಟೆಯ ಚಪ್ಪಲಿ ಬೇಡವೇ ಬೇಡ. ನಮ್ಮ ಅತ್ತೆ ದಾರಿಯುದ್ದಕ್ಕೂ "ಈ ಕಲ್ಲಿನ ಮೇಲೆ ಸಿಮೆಂಟ್ ಹಾಕಿಸೋಕೆ ಇವರಿಗೇನು ಕೇಡು?" ಅಂತ ಬೈದುಕೊಂಡೇ ಊರು ನೋಡಿದರು.

ಮೊದಲ ದಿನ ಬೆಳಿಗ್ಗೆ ರೈಲ್ವೆ ಸ್ಟೇಷನ್ ಕಡೆಯಿಂದ ನೆಕಾರ್ ನದಿಯ ಸೇತುವೆಗೆ ಹೋಗಿ. ನಿಧಾನವಾಗಿ ನಡೆದರೂ ಹತ್ತು ನಿಮಿಷದ ದಾರಿ. ಎಡಕ್ಕೆ ತಿರುಗಿ ನಿಂತರೆ ಹಳದಿ, ಗುಲಾಬಿ, ಹಸಿರು ಮನೆಗಳ ಸಾಲು, ಕೆಳಗೆ ನೀರು. ಪೋಸ್ಟ್‌ಕಾರ್ಡಿನಲ್ಲಿ ಇರುವುದು ಇದೇ ನೋಟ. ಫೋಟೊ ತೆಗೆದು ಮುಂದೆ ಹೋಗಬೇಡಿ. ಸೇತುವೆಯಿಂದ ಮೆಟ್ಟಿಲಿಳಿದರೆ ನದಿ ನಡುವೆ ಒಂದು ಉದ್ದನೆಯ ದ್ವೀಪ ಇದೆ. ಅದರ ತುಂಬ ಸುಮಾರು ಇನ್ನೂರು ವರ್ಷದ, ಪ್ಲೇನ್ ಎಂಬ ಜಾತಿಯ ಮರಗಳು, ಎರಡೂ ಬದಿಗೆ ಸಾಲಾಗಿ. ಅಲ್ಲಿ ಕಲ್ಲುಹಾಸಿಲ್ಲ, ಮಣ್ಣಿನ ದಾರಿ. ಬೆಂಚುಗಳೂ ಇವೆ. ಕೂತುಬಿಡಿ.

ಆಮೇಲೆ ದೋಣಿ. ಷ್ಟೋಖರ್‌ಕಾನ್ ಅಂತಾರೆ. ಹುಟ್ಟು ಇಲ್ಲ, ಮೋಟರ್ ಇಲ್ಲ. ಹಿಂದಿನ ತುದಿಯಲ್ಲಿ ಒಬ್ಬ ನಿಂತುಕೊಂಡು ಉದ್ದನೆಯ ಕೋಲನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾನೆ. ನಮ್ಮಲ್ಲಿ ಬಿದಿರಿನ ಜಲ್ಲೆಯಿಂದ ದೋಣಿ ನಡೆಸಿದ ಹಾಗೇ. ನೀವು ಎರಡೂ ಬದಿಗೆ ಹಲಗೆಗೆ ಒರಗಿ ಕಾಲು ಚಾಚಿ ಕೂತಿರುತ್ತೀರಿ. ಅವನು ಕೋಲನ್ನು ಮೇಲಕ್ಕೆಳೆದಾಗಲೆಲ್ಲ ನೀರು ಟಪಟಪ ಅಂತ ಹತ್ತಿರ ಕೂತವರ ಭುಜದ ಮೇಲೆ ಬೀಳುತ್ತದೆ. ಹಾಗಾಗಿ ಮುಂದಿನ ಜಾಗ ಹಿಡಿಯಿರಿ. ಒಂದು ಸಲ ನಮ್ಮ ದೋಣಿಯ ಹುಡುಗನ ಕೋಲು ಕೆಸರಿನಲ್ಲಿ ಸಿಕ್ಕಿಕೊಂಡಿತು. ದೋಣಿ ಮುಂದೆ ಹೋಯಿತು, ಕೋಲು ಅಲ್ಲೇ ನಿಂತಿತು. ಹುಡುಗ ಒಂದು ಗಳಿಗೆ ಕೋಲನ್ನು ನೋಡಿದ, ಒಂದು ಗಳಿಗೆ ನಮ್ಮನ್ನು ನೋಡಿದ. ಕೋಲನ್ನು ಬಿಟ್ಟ. ಆಮೇಲೆ ಹತ್ತು ನಿಮಿಷ ನಾವೆಲ್ಲ ಅಂಗೈಯಲ್ಲೇ ನೀರು ತಳ್ಳಿಕೊಂಡು ಹಿಂದೆ ಬಂದೆವು. ಆ ಊರಿನಲ್ಲಿ ನಾನು ಅಷ್ಟು ನಕ್ಕಿದ್ದು ಮತ್ತೆ ಇಲ್ಲ.

ದೋಣಿಯಿಂದಲೇ ಹಳದಿ ಬಣ್ಣದ ಗುಂಡನೆಯ ಗೋಪುರ ಕಾಣುತ್ತದೆ. ಹೋಲ್ಡರ್ಲಿನ್ ಎಂಬ ಕವಿ ಇದ್ದ ಮನೆ. ಮನಸ್ಸಿನ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದವನನ್ನು ವೈದ್ಯರು ಇನ್ನು ಆಗುವುದಿಲ್ಲ ಅಂತ ಕೈಬಿಟ್ಟರು. ತ್ಸಿಮ್ಮರ್ ಎಂಬ ಬಡಗಿ, ಅವನ ಪುಸ್ತಕ ಓದಿ ಮೆಚ್ಚಿದ್ದವನು, 1807ರಲ್ಲಿ ಮನೆಗೆ ಕರೆದುಕೊಂಡು ಬಂದ. 1843ರಲ್ಲಿ ಸಾಯುವವರೆಗೆ, ಅಂದರೆ 36 ವರ್ಷ, ಕವಿ ಇದೇ ಮನೆಯಲ್ಲಿದ್ದ. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ಈಗ ಅದು ಮ್ಯೂಸಿಯಂ. ಕವಿತೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕಿಟಕಿಯ ಹತ್ತಿರ ನಿಂತು ನದಿ ನೋಡಿ ಬನ್ನಿ. ಸ್ವಲ್ಪ ಮುಂದೆ 'ಷ್ಟಿಫ್ಟ್' ಅನ್ನುವ ಹಳೆಯ ಹಾಸ್ಟೆಲ್ ಇದೆ. ಪಾದ್ರಿಗಳಾಗಲು ಓದುವವರಿಗೆ ಅಂತ 1536ರಲ್ಲಿ ಶುರುವಾದದ್ದು. ಹೋಲ್ಡರ್ಲಿನ್, ಮುಂದೆ ದೊಡ್ಡ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಮೂವರೂ ಇಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯರು. ಅವರಿಗಿಂತ ಎರಡು ನೂರು ವರ್ಷ ಮುಂಚೆ ಕೆಪ್ಲರ್ ಇಲ್ಲೇ ಓದಿದ. ಪಾದ್ರಿ ಆಗಬೇಕಾದವನು ಗ್ರಹಗಳ ಹಿಂದೆ ಹೋದ.

ಮಧ್ಯಾಹ್ನ ಮನೆಗೆ ಹೋಗಿ ಮಲಗಿ. ನಿಜವಾಗಿ ಹೇಳ್ತಿದ್ದೀನಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕಿರುತ್ತದೆ, ಗಡಿಬಿಡಿ ಯಾಕೆ?

ಸಂಜೆ ಮಾರ್ಕೆಟ್ ಚೌಕ. ಅಲ್ಲಿಯ ಪುರಭವನ 1435ರದ್ದು. ಮುಂಭಾಗದ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ನೀವು ಕತ್ತೆತ್ತಿ ಮೇಲಿನ ಗಡಿಯಾರ ನೋಡಿ. ಮಾಡಿದವನು ಷ್ಟೋಫ್ಲರ್ ಎಂಬ ಗಣಿತದ ಪ್ರೊಫೆಸರ್, 1511ರಲ್ಲಿ. ಅದರಲ್ಲಿ ಸೂರ್ಯ ಇದ್ದಾನೆ, ಚಂದ್ರ ಇದ್ದಾನೆ, ಹನ್ನೆರಡು ರಾಶಿ ಇವೆ. ಡ್ರ್ಯಾಗನ್ ಆಕಾರದ ಒಂದು ಮುಳ್ಳೂ ಇದೆ. ಗ್ರಹಣ ಯಾವಾಗ ಆಗಬಹುದು ಎಂದು ತೋರಿಸುವ ಮುಳ್ಳು ಅದು. ನನಗೆ ಒಂದು ವರ್ಷ ಅರ್ಥವಾಗಿರಲಿಲ್ಲ. ಒಂದು ದಿನ ಹೊಳೆಯಿತು: ಅರೆ, ತಲೆ ಒಂದು ಕಡೆ, ಬಾಲ ಒಂದು ಕಡೆ, ಇದು ನಮ್ಮ ರಾಹು ಕೇತು ಅಲ್ವಾ! ಇದೇ ಷ್ಟೋಫ್ಲರ್‌ನ ಪಂಚಾಂಗದಲ್ಲಿ 1524ರ ಫೆಬ್ರವರಿಯಲ್ಲಿ ಗ್ರಹಗಳೆಲ್ಲ ಮೀನ ರಾಶಿಯಲ್ಲಿ ಕೂಡುತ್ತವೆ ಅಂತ ಇತ್ತು. ಮೀನ ಅಂದರೆ ನೀರು, ಹಾಗಾದರೆ ಪ್ರಳಯ ಅಂತ ಯುರೋಪಿನ ಜನ ಹೆದರಿ ಒದ್ದಾಡಿದರು. ಪ್ರಳಯ ಆಗಲಿಲ್ಲ. ನಮ್ಮ ಟಿ.ವಿ. ಜ್ಯೋತಿಷಿಗಳಿಗೆ ಈ ಕಥೆ ಹೇಳಬೇಡಿ.

ಎರಡನೇ ದಿನಕ್ಕೆ ಕೋಟೆ ಒಂದೇ ಸಾಕು. ಏರು ಕಡಿದಾಗಿದೆ, ಅದೇ ಕಲ್ಲುಹಾಸು. ಕೈಯಲ್ಲಿ ಕೋಲಿರಲಿ, ನಾಲ್ಕು ಕಡೆ ನಿಂತು ಹತ್ತಿ. ಮೇಲಿನ ಮ್ಯೂಸಿಯಂನಲ್ಲಿ ಒಂದು ಪುಟ್ಟ ಕುದುರೆ ಇದೆ. ಗುಹೆಯೊಂದರಲ್ಲಿ 1931ರಲ್ಲಿ ಸಿಕ್ಕಿದ್ದು. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಐದು ಸೆಂಟಿಮೀಟರ್ ಕೂಡ ಇಲ್ಲ. ಮೂವತ್ತೈದು, ನಲವತ್ತು ಸಾವಿರ ವರ್ಷ ಹಳೆಯದು. ಕತ್ತಿನ ಬಾಗು ನೋಡಿ. ಮಾಡಿದವನು ಕುದುರೆಯನ್ನು ಬರೀ ತಿಂದವನಲ್ಲ, ಕೂತು ನೋಡಿದವನು.

ಅದೇ ಕೋಟೆಯ ಹಳೆಯ ಅಡುಗೆಮನೆ ಒಂದು ಕಾಲದಲ್ಲಿ ಲ್ಯಾಬ್ ಆಗಿತ್ತು. ಮೀಶರ್ ಎಂಬ ಎಳೆಯ ವೈದ್ಯ ಅಲ್ಲಿ ಆಸ್ಪತ್ರೆಯ ಬ್ಯಾಂಡೇಜುಗಳನ್ನು ತರಿಸಿಕೊಂಡು, ಅದರ ಕೀವಿನಿಂದ ಜೀವಕೋಶ ಬೇರ್ಪಡಿಸುತ್ತಿದ್ದ. ಅದರಲ್ಲಿ 1869ರಲ್ಲಿ ಒಂದು ಹೊಸ ವಸ್ತು ಸಿಕ್ಕಿತು. ನಾವು ಈಗ ಡಿ.ಎನ್.ಎ. ಅನ್ನುವುದು ಅದನ್ನೇ. ನಿಮ್ಮ ಮಗಳು ಜೀವವಿಜ್ಞಾನ ಓದುತ್ತಿದ್ದರೆ ಅವಳೇ ವಿವರಿಸಲಿ, ನೀವು ಹೂಂಗುಟ್ಟಿ.

ಬಿಡಬೇಕಾದ್ದು? ಚರ್ಚಿನ ಗೋಪುರ ಹತ್ತುವುದು. ಮೊಣಕಾಲಿಗೆ ಆಗದು. ಒಳಗಿನ ರಾಜರ ಸಮಾಧಿಗಳನ್ನು ಕೆಳಗೇ ನೋಡಬಹುದು.

ಪ್ರಶ್ನೆ: ನಮ್ಮ ಕಿಟೆಲ್ ಸಾಹೇಬರ ಊರು ಇದೇ ಅಲ್ಲವೇ? ಅವರ ನೆನಪಿಗೆ ಅಲ್ಲಿ ಏನಿದೆ?
– ಶಿಕ್ಷಕಿ, ಧಾರವಾಡ

ಉತ್ತರ: ಹುಟ್ಟಿದ ಊರಲ್ಲ, ಕೊನೆಗಾಲದ ಊರು. ಕಿಟೆಲ್ ಹುಟ್ಟಿದ್ದು ಉತ್ತರ ಜರ್ಮನಿಯ ಸಮುದ್ರದ ಕಡೆ, 1832ರಲ್ಲಿ. 1853ರಲ್ಲಿ ನಮ್ಮ ಕಡೆ ಬಂದರು. ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಸುಮಾರು 70 ಸಾವಿರ ಶಬ್ದ. ಎರಡು ವರ್ಷದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು. ಪ್ರತಿಮೆ ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲೇ ಇದೆ.

ಅವರಿಗೂ ಮುಂಚೆ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು, ಕನ್ನಡದ ಮೊದಲ ಪತ್ರಿಕೆ. ಅವರು ಓದಿದ್ದು ಟ್ಯೂಬಿಂಗನ್‌ನಲ್ಲಿ. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ್ದಕ್ಕೆ 1858ರಲ್ಲಿ ಅದೇ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಕೂಡ ಅಲ್ಲೇ ಓದಿದವರು. ಅವರ ಹಸ್ತಪ್ರತಿಗಳು ಅಲ್ಲಿಯ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಗುಂಡರ್ಟ್ ಮಗಳು ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗ ಹೆರ್ಮನ್ ಹೆಸ್ಸೆ, ನೊಬೆಲ್ ಬಂದವನು, ಹುಡುಗನಾಗಿದ್ದಾಗ ದೊಡ್ಡ ಚರ್ಚಿನ ಎದುರಿನ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ, 1895ರಿಂದ 1899ರವರೆಗೆ. ಅದನ್ನು ನೋಡಿ ಬರಬಹುದು.

ನನ್ನದೊಂದು ಮಾತು. ಬೇಕರಿಗೆ ಬರುವವರು "ನಿಮ್ಮ ಭಾಷೆ ಯಾವುದು?" ಅಂತ ಕೇಳುತ್ತಿದ್ದರು. ಕನ್ನಡ ಅಂದರೆ "ಓ, ಕೆನಡಾ!" ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ಉತ್ತರ ರೂಢಿ ಮಾಡಿಕೊಂಡೆ: "ಆ ಭಾಷೆಯ ದೊಡ್ಡ ಡಿಕ್ಷನರಿ ಮಾಡಿದವರು ನಿಮ್ಮೂರಲ್ಲೇ ಇದ್ದರು, ನಿಮಗೆ ಗೊತ್ತಿಲ್ವಾ?" ಬ್ರೆಡ್ ಚೀಲ ಹಿಡಿದುಕೊಂಡು ಪೆಚ್ಚಾಗಿ ನಿಲ್ಲುತ್ತಿದ್ದರು. ನಮ್ಮಪ್ಪನ ಮೇಜಿನ ಮೇಲೆ ಬೆನ್ನು ಕಿತ್ತುಹೋದ ಕಿಟೆಲ್ ಯಾವಾಗಲೂ ಇರುತ್ತಿತ್ತು. ಅಲ್ಲಿಯ ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾದಾಗ ಆ ಪುಸ್ತಕ ನೆನಪಾಗುತ್ತಿತ್ತು. ಇಂಥ ಚಳಿಯಲ್ಲಿ ಕೂತು ಕನ್ನಡದ ಸಂಧಿ ಸಮಾಸ ಬರೆದರಲ್ಲ ಅಂತ.

ಪ್ರಶ್ನೆ: ನಾನು ಸಸ್ಯಾಹಾರಿ, ಮೊಟ್ಟೆಯೂ ತಿನ್ನಲ್ಲ. ಅಲ್ಲಿ ಹೊರಗೆ ಏನು ತಿನ್ನಬಹುದು?
– ವಿದ್ಯಾರ್ಥಿ, ಮೈಸೂರು

ಉತ್ತರ: ಬ್ರೆಟ್ಸೆಲ್ ಅಂತ ಗಂಟಿನಾಕಾರದ ಬ್ರೆಡ್ಡು, ಬೆಣ್ಣೆ ಹಚ್ಚಿದ್ದು. ನಾನೇ ಸಾವಿರಾರು ಮಾರಿದ್ದೇನೆ. ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸಿಗೆ ಚೀಸ್ ಬೆರೆಸಿದ್ದನ್ನು ಎಲ್ಲರೂ ವೆಜ್ ಅಂತಲೇ ಹೇಳುತ್ತಾರೆ. ಚೀಸ್ ಇದೆ, ಮಾಂಸ ಇಲ್ಲ, ಆದರೆ ಹಿಟ್ಟಿಗೇ ಮೊಟ್ಟೆ ಹಾಕಿರುತ್ತಾರೆ. ಅದರ ಜೊತೆ ಬೇಳೆಯದೊಂದು ಹುಳಿ ಸಾರು ಮಾಡುತ್ತಾರೆ, ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಅದರೊಳಗೆ ಹಂದಿ ಮಾಂಸದ ಚೂರು ಇರಬಹುದು, ಕೇಳದೆ ತಿನ್ನಬೇಡಿ. ಮೌಲ್‌ಟಾಷನ್ ಅಂತ ಕಡುಬಿನಂಥದ್ದೊಂದು ಇದೆ. ಉಪವಾಸದ ದಿನ ದೇವರಿಗೆ ಕಾಣದಂತೆ ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಡಲು ಅದನ್ನು ಮಾಡಿದರು ಅಂತ ಅಲ್ಲಿಯವರೇ ತಮಾಷೆ ಮಾಡುತ್ತಾರೆ. ದೇವರಿಗೇ ಕಾಣದ್ದು ನಿಮಗೆ ಕಂಡೀತಾ?

ಒಂದು ಸ್ಟೀಲ್ ಡಬ್ಬಿ ಒಯ್ಯಿರಿ. 2022ರಿಂದ ಆ ಊರಿನಲ್ಲಿ ಬಿಸಾಡುವ ಲೋಟ, ಡಬ್ಬಿಗೆ ತಲಾ 50 ಸೆಂಟ್ ತೆರಿಗೆ ಇದೆ. ಒಂದು ಅಂಗಡಿಯವರು ಕೋರ್ಟಿಗೆ ಹೋಗಿ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು, 2025ರಲ್ಲಿ ತೀರ್ಪು ಊರಿನ ಪರವಾಗಿಯೇ ಬಂತು. ಇನ್ನೊಂದು: ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನಮ್ಮ ಅತ್ತೆ ಮಾವ ಬಂದಿಳಿದದ್ದು ಭಾನುವಾರ, ಮನೆಯಲ್ಲಿ ಒಂದು ತೊಟ್ಟು ಹಾಲಿರಲಿಲ್ಲ. ಕರಿ ಚಹಾ ಕುಡಿದು ಮಾವ ಸಂಜೆವರೆಗೂ ಮಾತಾಡಲಿಲ್ಲ.

ಪ್ರಶ್ನೆ: ದೋಣಿ ಓಟ ಯಾವಾಗ?
– ಓದುಗರು, ಉಡುಪಿ

ಉತ್ತರ: ಈಸ್ಟರ್ ಆಗಿ ಅರವತ್ತನೇ ದಿನ, ಗುರುವಾರ. ಅಲ್ಲಿ ಅಂದು ಸರ್ಕಾರಿ ರಜೆ. ವಿದ್ಯಾರ್ಥಿಗಳು ವೇಷ ಹಾಕಿಕೊಂಡು ದ್ವೀಪದ ಸುತ್ತ ದೋಣಿ ನಡೆಸುತ್ತಾರೆ. ಸೇತುವೆಯ ಕಂಬದ ಹತ್ತಿರ ಎಲ್ಲ ದೋಣಿ ಒಂದಕ್ಕೊಂದು ಸಿಕ್ಕಿಕೊಂಡು ಜಾತ್ರೆಯೇ ಆಗುತ್ತದೆ. ಕೊನೆಗೆ ಬಂದ ತಂಡದವರು ಎಲ್ಲರೆದುರು ಒಬ್ಬೊಬ್ಬರೂ ಅರ್ಧ ಲೀಟರ್ ಕಾಡ್ ಮೀನಿನ ಎಣ್ಣೆ ಕುಡಿಯಬೇಕು. ಜಾಗ ಬೇಕಾದರೆ ಬೇಗ ಹೋಗಿ.

ಪ್ರಶ್ನೆ: ಅಲ್ಲಿ ಮನೆಮನೆಗೂ 'ಇಲ್ಲಿ ಇಂಥವರು ಇದ್ದರು' ಎಂಬ ಫಲಕವಂತೆ. ಎಲ್ಲ ಓದಬೇಕಾ?
– ಗೃಹಿಣಿ, ಹಾಸನ

ಉತ್ತರ: ಬೇಡ. ಎರಡು ಓದಿ ಸಾಕು. ಚರ್ಚಿನ ಹತ್ತಿರ ಮ್ಯೂನ್ಸ್‌ಗಾಸ್ಸೆ ಅಂತ ಒಂದು ಓಣಿ. ಅಲ್ಲೊಂದು ಮನೆಯ ಮೇಲೆ 'ಇಲ್ಲಿ ಗಯಟೆ ತಂಗಿದ್ದರು' ಅಂತ ಗಂಭೀರವಾದ ಫಲಕ ಇದೆ. ಜರ್ಮನ್ ಮಹಾಕವಿ, 1797ರಲ್ಲಿ ತನ್ನ ಪ್ರಕಾಶಕರ ಮನೆಗೆ ಬಂದಿದ್ದ. ಪಕ್ಕದ್ದು ವಿದ್ಯಾರ್ಥಿಗಳ ಮನೆ. ಅದರ ಗೋಡೆಯ ಮೇಲೂ ಒಂದು ಬೋರ್ಡ್: 'ಇಲ್ಲಿ ಗಯಟೆ ವಾಂತಿ ಮಾಡಿದರು.'